ಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ಲಸಿಕೆ ಹಾಕಿಸಲಾ? ನಾನೂ ಹಾಕಿಸಿಕೊಳ್ಳಲಾ?

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿ. ನನಗೆ 41 ವರ್ಷ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ 19, ಡಿಗ್ರಿ ಓದುತ್ತಿದ್ದಾಳೆ. ಚಿಕ್ಕವಳಿಗೆ 12, ಏಳನೇ ಕ್ಲಾಸು. ಕಳೆದ ವರ್ಷ ನನ್ನ ಅಕ್ಕ ಗರ್ಭಕೊರಳಿನ ಕ್ಯಾನ್ಸರ್‌ನಿಂದ ತೀರಿಕೊಂಡಳು. ಅವಳಿಗೆ 48. ಗೊತ್ತಾಗುವ ಹೊತ್ತಿಗೆ ಕಿಡ್ನಿಗೂ ತೊಂದರೆ ಆಗಿತ್ತು. ಇದು ವಂಶದಲ್ಲಿ ಬರುತ್ತಾ? ನನ್ನ ಮಕ್ಕಳಿಗೂ ಬರುತ್ತಾ ಅಂತ ರಾತ್ರಿ ನಿದ್ದೆ ಬರಲ್ಲ.

ಇದಕ್ಕೆ ಹೊಸ ಲಸಿಕೆ ಬಂದಿದೆ ಅಂತ ಕೇಳಿದೆ. ಪೇಟೆಯ ಆಸ್ಪತ್ರೆಯಲ್ಲಿ ಒಂದು ಲಸಿಕೆಗೆ ಎರಡು ಸಾವಿರ ಅಂದರು, ಇನ್ನೊಂದಕ್ಕೆ ಹತ್ತು ಸಾವಿರಕ್ಕಿಂತ ಜಾಸ್ತಿ ಅಂದರು. ಯಾವುದು ಒಳ್ಳೆಯದು? ಎಷ್ಟು ಡೋಸ್ ಬೇಕು? ನಮ್ಮ ಯಜಮಾನರು 'ಹೊಸದು, ಬೇರೆಯವರು ಹಾಕಿಸಿಕೊಳ್ಳಲಿ, ಆಮೇಲೆ ನೋಡೋಣ' ಅನ್ನುತ್ತಾರೆ. ಈ ಲಸಿಕೆಯಿಂದ ಆಂಧ್ರದಲ್ಲಿ ಹುಡುಗಿಯರು ಸತ್ತರು, ಮುಂದೆ ಮಕ್ಕಳಾಗಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಮ್ಮತ್ತೆ 'ಮದುವೆಯಾಗದ ಹುಡುಗಿಗೆ ಇಂಥ ಇಂಜೆಕ್ಷನ್ ಯಾಕೆ, ಜನ ಏನಂದುಕೊಳ್ತಾರೆ' ಅನ್ನುತ್ತಾರೆ. ದೊಡ್ಡವಳಿಗೆ ಮುಂದಿನ ವರ್ಷ ಮದುವೆ ಮಾಡಬೇಕೆಂದಿದ್ದೇವೆ.

ಇನ್ನೊಂದು ವಿಷಯ. ಐದಾರು ತಿಂಗಳಿಂದ ನನಗೂ ಬಿಳಿ ಹೋಗುವುದು ಜಾಸ್ತಿಯಾಗಿದೆ. ಯಜಮಾನರ ಜೊತೆ ಸೇರಿದ ಮೇಲೆ ಒಮ್ಮೊಮ್ಮೆ ರಕ್ತದ ಕಲೆ ಕಾಣುತ್ತೆ. ವಯಸ್ಸಿಗೆ ಇರಬೇಕು ಅಂತ ಸುಮ್ನಿದ್ದೇನೆ. ನಾನೂ ಈ ಲಸಿಕೆ ತಗೊಂಡರೆ ಸರಿಹೋಗುತ್ತಾ? (ಹೆಸರು ಬೇಡ)

ಉತ್ತರ: ನಿಮ್ಮ ಅಕ್ಕನ ವಿಷಯ ಓದಿ ಬಹಳ ಬೇಸರವಾಯಿತು. ನೀವು ಕೇಳಿದ ಎಲ್ಲದಕ್ಕೂ ಉತ್ತರ ಹೇಳುತ್ತೇನೆ. ಆದರೆ ಮೊದಲು, ನೀವು ಕೊನೆಗೆ ಬರೆದ ಆ ನಾಲ್ಕು ಸಾಲಿಗೆ ಬರುತ್ತೇನೆ. ಇಡೀ ಪತ್ರದಲ್ಲಿ ಮಕ್ಕಳ ಚಿಂತೆ ತುಂಬಿದೆ. ನನಗೆ ಈಗ ಚಿಂತೆಯಾಗಿರುವುದು ನಿಮ್ಮ ಬಗ್ಗೆ.

ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುವುದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಬಿಡಬಾರದು. ಹಾಗಂತ ಅದು ಕ್ಯಾನ್ಸರೇ ಎಂದು ನಾನು ಹೇಳುತ್ತಿಲ್ಲ. ಈ ದೂರು ಹೇಳಿಕೊಂಡು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರಿಗೆ ಸೋಂಕು ಇರುತ್ತದೆ. ಇಲ್ಲವೇ ಗರ್ಭಕೊರಳಿನಲ್ಲಿ, ಅಂದರೆ ಗರ್ಭಕೋಶದ ಬಾಯಿಯಲ್ಲಿ, ಸಣ್ಣದೊಂದು ಗಂಟು ಬೆಳೆದಿರುತ್ತದೆ. ಔಷಧಿಗೆ ಹೋಗುತ್ತದೆ, ಅಥವಾ ಸುಲಭವಾಗಿ ತೆಗೆದುಬಿಡಬಹುದು. ಆದರೆ ಗರ್ಭಕೊರಳಿನ ಕ್ಯಾನ್ಸರ್ ಬಾಯಿ ಬಿಟ್ಟು ಹೇಳುವ ಮೊದಲ ಮಾತು ಕೂಡ ಇದೇ. ಯಾವುದು ಎಂದು ಪತ್ರ ಓದಿ ನಾನು ಹೇಳಲಾರೆ. ಕಣ್ಣಿಂದ ನೋಡಲೇಬೇಕು. ಅದಕ್ಕೇ ಹೇಳುತ್ತಿದ್ದೇನೆ, ಈ ವಾರವೇ ಹೋಗಿ. ಕೊಯ್ಲು ಮುಗಿಯಲಿ, ಹಬ್ಬ ಕಳೆಯಲಿ, ಮಗಳ ಪರೀಕ್ಷೆ ಆಗಲಿ ಎಂದು ಮುಂದೂಡಬೇಡಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ವೈದ್ಯರಿದ್ದರೆ ಅಲ್ಲಿಗೇ ಹೋಗಿ. ಇಲ್ಲವಾದರೆ ಜಿಲ್ಲಾಸ್ಪತ್ರೆಗೆ. ಅವರು ಒಳಗೆ ಒಂದು ಸಾಧನ ಇಟ್ಟು, ಟಾರ್ಚ್ ಬೆಳಕಿನಲ್ಲಿ ಗರ್ಭಕೊರಳನ್ನು ನೇರವಾಗಿ ನೋಡುತ್ತಾರೆ. ಹೆರಿಗೆ ಆದವರಿಗೆ ಇದು ನೋಯುವುದು ಕಡಿಮೆ, ಮುಜುಗರ ಆಗುವುದೇ ಜಾಸ್ತಿ. ಅನುಮಾನ ಬಂದರೆ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬರೀ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿ 'ನಾರ್ಮಲ್ ಇದೆ' ಎಂದು ಕಳಿಸಿದರೆ ಒಪ್ಪಬೇಡಿ. ಗರ್ಭಕೊರಳಿನ ಕ್ಯಾನ್ಸರ್ ಶುರುವಿನಲ್ಲಿ ಸ್ಕ್ಯಾನಿಂಗ್‌ಗೆ ಕಾಣುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ನಾಲ್ಕು ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಬರುತ್ತಾರೆ, ಆದರೆ ಒಬ್ಬರೂ ಒಳಗೆ ನೋಡಿರುವುದಿಲ್ಲ.

ಇನ್ನೊಂದು ಎಚ್ಚರ. 'ಬಿಳಿ ಹೋಗ್ತಿದೆ, ಅಕ್ಕನಿಗೂ ಕ್ಯಾನ್ಸರ್ ಇತ್ತು, ಯಾಕೆ ರಿಸ್ಕು, ಗರ್ಭಕೋಶ ತೆಗೆಸಿಬಿಡಿ' ಎಂದು ಯಾರಾದರೂ ಹೇಳಬಹುದು. ಹೀಗೆ ಹೆದರಿ ಮೂವತ್ತೈದಕ್ಕೇ ಗರ್ಭಕೋಶ ತೆಗೆಸಿಕೊಂಡು, ಆಮೇಲೆ ಸೊಂಟನೋವು, ಮೈ ಬಿಸಿ ಏರುವುದು, ಮೂಳೆ ಸವೆತ ಅಂತ ನನ್ನ ಹತ್ತಿರ ಬಂದವರು ತುಂಬ ಜನ. ನನಗೆ ಇದು ಬಹಳ ನೋವು ಕೊಡುವ ವಿಷಯ. ಬಯಾಪ್ಸಿ ವರದಿ ಕೈಗೆ ಬರುವ ಮುಂಚೆ ಕ್ಯಾನ್ಸರ್ ಹೆಸರಿನಲ್ಲಿ ಆಪರೇಷನ್‌ಗೆ ಒಪ್ಪಬೇಡಿ. ಒಂದು ವೇಳೆ ಕ್ಯಾನ್ಸರ್ ಇದ್ದೇ ಇದ್ದರೂ, ಅವಸರದಲ್ಲಿ ಮಾಡಿದ ಸಾದಾ ಗರ್ಭಕೋಶದ ಆಪರೇಷನ್‌ನಿಂದ ಮುಂದಿನ ಚಿಕಿತ್ಸೆಯೇ ಕಷ್ಟವಾಗುತ್ತದೆ.

ಲಸಿಕೆ ತಗೊಂಡರೆ ಇದು ಸರಿಹೋಗುತ್ತಾ ಅಂದಿರಿ. ಇಲ್ಲ. ಈ ಲಸಿಕೆ ಮುಂದೆ ಬರುವ ಸೋಂಕನ್ನು ತಡೆಯುತ್ತದೆ. ಒಳಗೆ ಆಗಲೇ ಇರುವ ಸೋಂಕನ್ನಾಗಲಿ, ಹುಣ್ಣನ್ನಾಗಲಿ, ಕ್ಯಾನ್ಸರನ್ನಾಗಲಿ ವಾಸಿ ಮಾಡುವುದಿಲ್ಲ.

ಈಗ ಅಕ್ಕನ ಕಾಯಿಲೆ ವಂಶದಲ್ಲಿ ಬರುತ್ತಾ ಎಂಬ ಪ್ರಶ್ನೆಗೆ ಬರೋಣ. ಸ್ತನ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ತಾಯಿಯಿಂದ ಮಗಳಿಗೆ ಹೋಗುವುದುಂಟು. ಗರ್ಭಕೊರಳಿನದು ಹಾಗಲ್ಲ. ಹೆಚ್ಚುಕಮ್ಮಿ ಪ್ರತಿಯೊಂದು ಗರ್ಭಕೊರಳಿನ ಕ್ಯಾನ್ಸರ್‌ನ ಹಿಂದೆಯೂ ಒಂದು ವೈರಸ್ ಇರುತ್ತದೆ. ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಜರ್ಮನಿಯ ವಿಜ್ಞಾನಿ ಹರಾಲ್ಡ್ ಟ್ಸುರ್ ಹೌಸೆನ್ 1983 ಮತ್ತು 84ರಲ್ಲಿ ಕ್ಯಾನ್ಸರ್ ಗಡ್ಡೆಯೊಳಗೇ ಈ ವೈರಸ್‌ನ 16 ಮತ್ತು 18ನೇ ತಳಿಗಳನ್ನು ಪತ್ತೆಮಾಡಿ ತೋರಿಸಿದರು. ಅದಕ್ಕೆ 2008ರಲ್ಲಿ ಅವರಿಗೆ ನೊಬೆಲ್ ಬಂತು. ಅಲ್ಲಿಯವರೆಗೆ ಈ ರೋಗಕ್ಕೆ ಏನೇನೋ ಕಾರಣ ಹೇಳುತ್ತಿದ್ದರು. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಮುಟ್ಟಿನ ಬಟ್ಟೆಯಿಂದ ಬಂತು, ಕಾಪರ್ ಟಿಯಿಂದ ಬಂತು, ಉಷ್ಣ ಜಾಸ್ತಿಯಾಗಿ ಬಂತು ಅನ್ನುತ್ತಾರೆ. ಅವು ಯಾವುದೂ ಕಾರಣವಲ್ಲ.

ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ತಳಿಗಳಿವೆ. ಕೈಕಾಲಿನ ಮೇಲೆ ನರಹುಲಿ ಏಳುವುದು ಕೂಡ ಇದರದೇ ಕೆಲವು ತಳಿಗಳಿಂದ. ಕ್ಯಾನ್ಸರ್ ತರಬಲ್ಲವು ಹದಿನಾಲ್ಕರಷ್ಟು. ಅದರಲ್ಲೂ 16 ಮತ್ತು 18 ಇವೆರಡೇ ಜಗತ್ತಿನ ನೂರಕ್ಕೆ ಎಪ್ಪತ್ತು ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣ. ನಮ್ಮ ದೇಶದಲ್ಲಿ ಇವೆರಡರ ಪಾಲು ಇನ್ನೂ ಜಾಸ್ತಿ.

ಈ ವೈರಸ್ ಗಂಡುಹೆಣ್ಣಿನ ಸಂಪರ್ಕದಿಂದ ದಾಟುತ್ತದೆ. ಈ ಮಾತು ಹೇಳಿದ ಕೂಡಲೇ ಮನೆಗಳಲ್ಲಿ ಜಗಳ ಹತ್ತಿಕೊಳ್ಳುವುದನ್ನು ಕಂಡಿದ್ದೇನೆ. ಹಾಗಾಗಿ ಬಿಡಿಸಿ ಹೇಳುತ್ತೇನೆ. ಇದು ನೆಗಡಿಯಷ್ಟು ಸಾಮಾನ್ಯವಾದ ಸೋಂಕು. ಸಂಸಾರ ಮಾಡುವ ಹತ್ತರಲ್ಲಿ ಎಂಟು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ತಗಲುತ್ತದೆ, ಗಂಡಸರಿಗೂ ಹೆಂಗಸರಿಗೂ. ಜ್ವರವಿಲ್ಲ, ನೋವಿಲ್ಲ, ತಗಲಿದ್ದೇ ಗೊತ್ತಾಗುವುದಿಲ್ಲ. ಜೀವಮಾನದಲ್ಲಿ ಒಬ್ಬನೇ ಗಂಡನ ಜೊತೆ ಬಾಳಿದ ಹೆಣ್ಣಿಗೂ ಬರಬಹುದು. ಎಷ್ಟೋ ವರ್ಷದ ಹಿಂದೆ ತಗಲಿದ್ದು ಇವತ್ತು ಪರೀಕ್ಷೆಯಲ್ಲಿ ಕಾಣಿಸಬಹುದು. ಯಾರಿಂದ ಬಂತು, ಯಾವಾಗ ಬಂತು ಎಂದು ಯಾವ ಡಾಕ್ಟರೂ ಹೇಳಲಾರರು. ನಿಮ್ಮ ಅಕ್ಕನ ನಡತೆ ಬಗ್ಗೆಯಾಗಲಿ, ಭಾವನವರ ಬಗ್ಗೆಯಾಗಲಿ ಈ ಕಾಯಿಲೆ ಏನನ್ನೂ ಹೇಳುವುದಿಲ್ಲ. ಯಾರಾದರೂ ಮಾತಾಡಿದ್ದರೆ ಅದನ್ನು ಮನಸ್ಸಿನಿಂದ ತೆಗೆದುಹಾಕಿ.

ಹಾಗಾದರೆ ಎಲ್ಲರಿಗೂ ಕ್ಯಾನ್ಸರ್ ಯಾಕೆ ಬರಲ್ಲ? ಸೋಂಕು ತಗಲಿದ ಹತ್ತು ಜನರಲ್ಲಿ ಒಂಬತ್ತು ಜನರ ದೇಹ ಎರಡು ವರ್ಷದೊಳಗೆ ಅದನ್ನು ತಾನೇ ಹೊರಹಾಕುತ್ತದೆ. ಉಳಿದವರಲ್ಲಿ ಅದು ಗರ್ಭಕೊರಳಿನ ಚರ್ಮದಲ್ಲಿ ಬೀಡುಬಿಡುತ್ತದೆ. ನಿಧಾನವಾಗಿ ಜೀವಕೋಶಗಳನ್ನು ಕೆಡಿಸುತ್ತದೆ. ಕೆಟ್ಟ ಜೀವಕೋಶ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ವರ್ಷ ಬೇಕು. ಹೊಗೆಸೊಪ್ಪು, ಬೀಡಿ, ಚಿಕ್ಕ ವಯಸ್ಸಿಗೇ ಮದುವೆ, ಹೆಚ್ಚು ಹೆರಿಗೆ, ಎಚ್‌ಐವಿಯಂಥ ಕಾಯಿಲೆಯಿಂದ ಕುಗ್ಗಿದ ಶಕ್ತಿ, ಇವೆಲ್ಲ ಆ ದಾರಿಯನ್ನು ಹತ್ತಿರ ಮಾಡುತ್ತವೆ. ಅಂದರೆ ನಿಮ್ಮ ಅಕ್ಕನಿಗೆ 48ಕ್ಕೆ ಗೊತ್ತಾದ ಕಾಯಿಲೆ ಅವರಿಗೆ ಮೂವತ್ತು ತುಂಬುವ ಮುಂಚೆಯೇ ಶುರುವಾಗಿರಬಹುದು. ಅಷ್ಟು ವರ್ಷಗಳಲ್ಲಿ ಒಮ್ಮೆ ಯಾರಾದರೂ ನೋಡಿದ್ದರೆ ಹತ್ತು ನಿಮಿಷದ ಚಿಕಿತ್ಸೆಗೆ ಹೋಗಿಬಿಡುವಂಥದ್ದಾಗಿತ್ತು. ಇದನ್ನು ನಿಮ್ಮ ನೋವು ಕೆದಕಲು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ ಒಂದೂಕಾಲು ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ, ಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ತಡೆಯಲು ಇಷ್ಟು ವರ್ಷಗಳ ಸಮಯ ಕೊಡುವ ಕ್ಯಾನ್ಸರ್ ಬೇರೆ ಕಡಿಮೆ. ನಾವು ಆ ಸಮಯವನ್ನು ಹಾಗೇ ಕಳೆದುಕೊಳ್ಳುತ್ತಿದ್ದೇವೆ.

ಇನ್ನು ಲಸಿಕೆ. ನಿಮ್ಮ ಯಜಮಾನರು 'ಹೊಸದು' ಅನ್ನುತ್ತಾರಲ್ಲ, ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಮಗಳ ಮೈಗೆ ಏನು ಹೋಗುತ್ತಿದೆ ಎಂದು ಅಪ್ಪ ಕೇಳಬೇಕಾದ್ದೇ. ಅವರಿಗೆ ಹೇಳಿ, ಈ ಲಸಿಕೆ ಜಗತ್ತಿನಲ್ಲಿ 2006ರಿಂದ ಇದೆ. ನಮ್ಮ ದೇಶದ ಖಾಸಗಿ ಆಸ್ಪತ್ರೆಗಳಿಗೆ 2008ರಲ್ಲೇ ಬಂತು. ಆಸ್ಟ್ರೇಲಿಯಾ 2007ರಿಂದ ಶಾಲೆಗಳಲ್ಲೇ ಹಾಕುತ್ತಿದೆ. ನಮ್ಮ ನೆರೆಯ ಪುಟ್ಟ ದೇಶ ಭೂತಾನ್ 2010ರಲ್ಲೇ ಎಲ್ಲ ಹುಡುಗಿಯರಿಗೂ ಶುರುಮಾಡಿತು. ಸಿಕ್ಕಿಂ 2018ರಲ್ಲಿ ಶುರುಮಾಡಿ, ಆ ವಯಸ್ಸಿನ ನೂರಕ್ಕೆ 95ಕ್ಕೂ ಹೆಚ್ಚು ಹುಡುಗಿಯರಿಗೆ ತಲುಪಿಸಿತು. ಬೇರೆಯವರು ಹಾಕಿಸಿಕೊಳ್ಳಲಿ, ಆಮೇಲೆ ನೋಡೋಣ ಅಂದರಲ್ಲ, ಬೇರೆಯವರು ಹಾಕಿಸಿಕೊಂಡು ಆಗಿದೆ. ಐವತ್ತು ಕೋಟಿಗೂ ಹೆಚ್ಚು ಡೋಸ್ ಆಗಿವೆ. ಇಂಗ್ಲೆಂಡಿನಲ್ಲಿ 12, 13ನೇ ವಯಸ್ಸಿಗೆ ಲಸಿಕೆ ಸಿಕ್ಕ ಹುಡುಗಿಯರು ದೊಡ್ಡವರಾದ ಮೇಲೆ ಲೆಕ್ಕ ತೆಗೆದರು. ಅವರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ನೂರಕ್ಕೆ 87ರಷ್ಟು ಕಡಿಮೆಯಾಗಿತ್ತು.

ಹೊಸದು ಅಂದರೆ ನಮ್ಮಲ್ಲೇ ತಯಾರಾದ ಸರ್ವಾವ್ಯಾಕ್. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನದು. 2022ರಲ್ಲಿ ಒಪ್ಪಿಗೆ ಸಿಕ್ಕಿತು, 2023ರ ಜನವರಿಯಲ್ಲಿ ಮಾರುಕಟ್ಟೆಗೆ ಬಂತು. ನೀವು ಕೇಳಿದ ಎರಡು ಸಾವಿರದ ಲಸಿಕೆ ಇದೇ. ಕೋವಿಶೀಲ್ಡ್ ಮಾಡಿದ ಕಂಪನಿಯೇ ಇದನ್ನೂ ಮಾಡುವುದರಿಂದ ಎರಡೂ ಒಂದೇ ಥರ ಎಂದು ಕೆಲವರು ತಿಳಿದಿದ್ದಾರೆ. ತಯಾರಿಸುವ ವಿಧಾನವೇ ಬೇರೆ. ಇದರೊಳಗೆ ವೈರಸ್ ಇಲ್ಲ. ವೈರಸ್‌ನ ಹೊರಗಿನ ಚಿಪ್ಪಿನ ಪ್ರೋಟೀನನ್ನು ಮಾತ್ರ ಯೀಸ್ಟ್‌ನಲ್ಲಿ ಬೆಳೆಸಿ ತೆಗೆಯುತ್ತಾರೆ. ನೋಡಲು ವೈರಸ್ ಥರ, ಒಳಗೆ ಟೊಳ್ಳು. ದೇಹ ಅದನ್ನು ನೋಡಿ ಗುರುತಿಟ್ಟುಕೊಳ್ಳುತ್ತದೆ. ನಿಜವಾದ ವೈರಸ್ ಬಂದ ದಿನ ಬಾಗಿಲಲ್ಲೇ ತಡೆಯುತ್ತದೆ. ನಿಮ್ಮ ಚಿಕ್ಕ ಮಗಳಿಗೆ ಕೂಸಿದ್ದಾಗ ಹಾಕಿಸಿದ ಹೆಪಟೈಟಿಸ್ ಬಿ ಲಸಿಕೆಯನ್ನೂ ಹೀಗೇ ಯೀಸ್ಟ್‌ನಲ್ಲೇ ತಯಾರಿಸುವುದು. ಅದು ಯಕೃತ್ತಿನ ಕ್ಯಾನ್ಸರ್ ತಡೆಯುತ್ತದೆ. ಹಾಗೆ ನೋಡಿದರೆ ಒಂದು ಕ್ಯಾನ್ಸರ್ ಲಸಿಕೆಯನ್ನು ನೀವು ಮಗಳಿಗೆ ಆಗಲೇ ಹಾಕಿಸಿದ್ದೀರಿ.

ಈಗ ವಾಟ್ಸಾಪ್‌ನ ಆಂಧ್ರದ ಮಾತು. ಇದನ್ನು 'ಸುಳ್ಳು' ಎಂದು ಒಂದೇ ಮಾತಲ್ಲಿ ತಳ್ಳಿಹಾಕಲು ನನಗೆ ಇಷ್ಟವಿಲ್ಲ. ಯಾಕೆಂದರೆ ಅದರಲ್ಲಿ ಅರ್ಧ ನಿಜ ಇದೆ. 2009ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆ ಮತ್ತು ಗುಜರಾತಿನ ವಡೋದರಾ ಜಿಲ್ಲೆಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹುಡುಗಿಯರಿಗೆ ಈ ಲಸಿಕೆ ಹಾಕಿದರು. ಖಮ್ಮಂ ಆಗ ಆಂಧ್ರದಲ್ಲಿತ್ತು, ಈಗ ತೆಲಂಗಾಣ. ಮುಂದಿನ ತಿಂಗಳುಗಳಲ್ಲಿ ಏಳು ಹುಡುಗಿಯರು ತೀರಿಕೊಂಡರು, ಖಮ್ಮಂನಲ್ಲಿ ಐದು, ವಡೋದರಾದಲ್ಲಿ ಎರಡು. ಸುದ್ದಿ ದೊಡ್ಡದಾಯಿತು, 2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ತನಿಖೆ ನಡೆಯಿತು. ಒಬ್ಬಳು ನೀರಿನಲ್ಲಿ ಮುಳುಗಿ ಸತ್ತಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು. ಕ್ರಿಮಿನಾಶಕ ಕುಡಿದವರಿದ್ದರು, ಮಲೇರಿಯಾ, ಜ್ವರದಿಂದ ಹೋದವರಿದ್ದರು. ಲಸಿಕೆಯಿಂದ ಸತ್ತರು ಎನ್ನಲು ಯಾವ ಆಧಾರವೂ ಸಿಗಲಿಲ್ಲ.

ಆದರೆ ಅಲ್ಲಿ ಬೇರೆ ತಪ್ಪು ನಡೆದಿತ್ತು. ಬಡ ಬುಡಕಟ್ಟಿನ ಹುಡುಗಿಯರು, ಹಾಸ್ಟೆಲ್‌ನಲ್ಲಿದ್ದವರು. ಎಷ್ಟೋ ಜನರಿಗೆ ಅಪ್ಪ ಅಮ್ಮನನ್ನು ಕೇಳದೆ ವಾರ್ಡನ್‌ಗಳ ಸಹಿ ತಗೊಂಡು ಸೂಜಿ ಚುಚ್ಚಿದ್ದರು. ತೊಂದರೆಯಾದರೆ ಯಾರಿಗೆ ಹೇಳಬೇಕು ಎಂಬ ಏರ್ಪಾಡೂ ಸರಿಯಿರಲಿಲ್ಲ. ಸಂಸತ್ತಿನ ಸಮಿತಿ 2013ರಲ್ಲಿ ಇದನ್ನು ಕಟುವಾಗಿ ಖಂಡಿಸಿತು. ಆ ತಂದೆತಾಯಿಗಳ ಸಿಟ್ಟು ನ್ಯಾಯವಾದದ್ದು ಎಂದೇ ನಾನು ನಂಬಿದ್ದೇನೆ. ಆ ಒಂದು ಅವಸರದಿಂದ ಲಸಿಕೆಯ ಮೇಲಿನ ನಂಬಿಕೆ ಹೋಯಿತು, ಎಷ್ಟೋ ಹೆಣ್ಣುಮಕ್ಕಳಿಗೆ ಅದು ಹತ್ತಕ್ಕೂ ಹೆಚ್ಚು ವರ್ಷ ತಡವಾಯಿತು. ಹಾಗಾಗಿ ನಿಮ್ಮ ಮಗಳ ವಿಷಯದಲ್ಲಿ ನೀವು ಎಷ್ಟು ಪ್ರಶ್ನೆ ಬೇಕಾದರೂ ಕೇಳಿ. ಉತ್ತರ ಕೊಡುವುದು ನಮ್ಮ ಕೆಲಸ.

ಈ ಕಥೆಗೆ ಇನ್ನೊಂದು ತುದಿ ಇದೆ. ನಿಮ್ಮ 'ಎಷ್ಟು ಡೋಸ್' ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಅದೇ ಹೊತ್ತಿಗೆ ನಮ್ಮ ದೇಶದಲ್ಲಿ ಬೇರೊಂದು ಅಧ್ಯಯನ ನಡೆಯುತ್ತಿತ್ತು. 10ರಿಂದ 18 ವರ್ಷದ ಹದಿನೇಳು ಸಾವಿರಕ್ಕೂ ಹೆಚ್ಚು ಹುಡುಗಿಯರಿಗೆ ಎರಡು ಡೋಸ್ ಸಾಕೋ ಮೂರು ಬೇಕೋ ಎಂದು ನೋಡುವುದು ಅದರ ಉದ್ದೇಶ. ಸರ್ಕಾರದ ಆದೇಶ ಬಂದಾಗ ಅದೂ ಅರ್ಧಕ್ಕೆ ನಿಂತಿತು. ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಅಧ್ಯಯನ ಮಾಡಿದವರು ಅವರನ್ನು ಕೈಬಿಡಲಿಲ್ಲ. ವರ್ಷ ವರ್ಷವೂ ಹೋಗಿ ನೋಡಿದರು. ಹತ್ತು ವರ್ಷ ಕಳೆದರೂ ಒಂದೇ ಡೋಸ್ ಸಿಕ್ಕವರಿಗೆ 16, 18ನೇ ತಳಿಗಳ, ಮೈಯಲ್ಲೇ ಉಳಿದುಬಿಡುವ ಸೋಂಕಿನಿಂದ ನೂರಕ್ಕೆ 95ರಷ್ಟು ರಕ್ಷಣೆ ಇತ್ತು. ಎರಡು, ಮೂರು ಡೋಸ್ ಸಿಕ್ಕವರಷ್ಟೇ. ಈ ಫಲಿತಾಂಶ 2021ರಲ್ಲಿ ಹೊರಬಂತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಅಥವಾ ಎರಡು ಡೋಸ್ ಸಾಕು ಎಂದಿತು. ಅದಕ್ಕೆ ಆಧಾರವಾದ ಮುಖ್ಯ ಸಾಕ್ಷ್ಯಗಳಲ್ಲಿ ನಮ್ಮ ದೇಶದ ಈ ಹುಡುಗಿಯರದೂ ಒಂದು.

ಆ ಅಧ್ಯಯನದಲ್ಲಿ ಬಳಸಿದ್ದು ಗಾರ್ಡಸಿಲ್ ಎಂಬ ಲಸಿಕೆ. ಸರ್ವಾವ್ಯಾಕ್‌ಗೆ ಒಪ್ಪಿಗೆ ಇರುವುದು 9ರಿಂದ 14 ವರ್ಷಕ್ಕೆ ಎರಡು ಡೋಸ್, ಆರು ತಿಂಗಳ ಅಂತರದಲ್ಲಿ. 15ರ ಮೇಲೆ ಮೂರು ಡೋಸ್. ಹಾಗಾಗಿ ನನ್ನ ಸಲಹೆ ಇಷ್ಟು. ಚಿಕ್ಕವಳಿಗೆ ಸರ್ಕಾರದ ಕಡೆಯಿಂದ ಉಚಿತವಾಗಿ ಒಂದು ಡೋಸ್ ಸಿಗುವ ಹಾಗಿದ್ದರೆ ನಿಶ್ಚಿಂತೆಯಿಂದ ಹಾಕಿಸಿ, ಕಡಿಮೆಯಾಯಿತು ಎಂದು ಕೊರಗಬೇಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರನ್ನೋ ಮೊದಲು ವಿಚಾರಿಸಿ, ಆಮೇಲೆ ದುಡ್ಡು ಬಿಚ್ಚಿ. ಖಾಸಗಿಯಲ್ಲಿ ಸರ್ವಾವ್ಯಾಕ್ ಹಾಕಿಸುವುದಾದರೆ ಎರಡು ಡೋಸ್ ಪೂರ್ತಿ ಮಾಡಿ. ದೊಡ್ಡವಳಿಗೆ ಮೂರು ಡೋಸ್. ಇವತ್ತು ಒಂದು, ಎರಡು ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು. ಮಧ್ಯೆ ತಡವಾದರೆ ಮೊದಲಿಂದ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿ.

ಎರಡು ಸಾವಿರದ್ದೋ ಹತ್ತು ಸಾವಿರದ್ದೋ? ಸರ್ವಾವ್ಯಾಕ್ ನಾಲ್ಕು ತಳಿಗಳನ್ನು ತಡೆಯುತ್ತದೆ. ದುಬಾರಿಯ ಗಾರ್ಡಸಿಲ್ 9 ಒಂಬತ್ತನ್ನು ತಡೆಯುತ್ತದೆ. ಕ್ಯಾನ್ಸರ್‌ನ ದೊಡ್ಡ ಪಾಲು ತರುವ 16 ಮತ್ತು 18 ಎರಡರಲ್ಲೂ ಇವೆ. ಕೈಯಲ್ಲಿ ಧಾರಾಳ ಇದ್ದವರು ಒಂಬತ್ತರದು ಹಾಕಿಸಲಿ, ಅದು ಸ್ವಲ್ಪ ಹೆಚ್ಚು ರಕ್ಷಣೆ ಕೊಡುತ್ತದೆ. ಆದರೆ ಅದಕ್ಕಾಗಿ ಸಾಲ ಮಾಡಬೇಡಿ, ಚೀಟಿ ಎತ್ತಬೇಡಿ, ದುಡ್ಡು ಕೂಡಲಿ ಎಂದು ವರ್ಷ ಕಾಯಬೇಡಿ. ನನ್ನ ಹತ್ತಿರ ಬರುವ ಮನೆಗಳಲ್ಲಿ ಹೆಚ್ಚಿನವರಿಗೆ ನಾನು ಸರ್ವಾವ್ಯಾಕನ್ನೇ ಹೇಳುತ್ತೇನೆ.

ಮಕ್ಕಳಾಗಲ್ಲ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಹದಿನೈದು ವರ್ಷದ ಹಿಂದೆ ಲಸಿಕೆ ಹಾಕಿಸಿಕೊಂಡ ಲಕ್ಷಾಂತರ ಹುಡುಗಿಯರು ಇವತ್ತು ತಾಯಂದಿರು. ಮಕ್ಕಳಾಗದಂತೆ ಮಾಡುವುದು ಈ ಕ್ಯಾನ್ಸರ್‌ನ ಚಿಕಿತ್ಸೆ. ಮೂವತ್ತೆರಡು ವರ್ಷದ, ಇನ್ನೂ ಮಕ್ಕಳಾಗದ ಹುಡುಗಿಗೆ 'ರೇಡಿಯೇಷನ್ ಕೊಡಬೇಕು, ಇನ್ನು ಬಸಿರು ಆಗುವುದಿಲ್ಲ' ಎಂದು ಹೇಳಬೇಕಾಗಿ ಬಂದ ದಿನಗಳು ನನಗೆ ಮರೆಯುವುದಿಲ್ಲ.

ತೊಂದರೆಗಳು ಇಲ್ಲವೇ ಇಲ್ಲ ಎಂದಲ್ಲ. ತೋಳು ಒಂದೆರಡು ದಿನ ನೋಯುತ್ತದೆ, ಊದಿಕೊಳ್ಳಬಹುದು. ಸ್ವಲ್ಪ ಜ್ವರ, ತಲೆನೋವು ಬರಬಹುದು. ಈ ವಯಸ್ಸಿನ ಹುಡುಗಿಯರು ಸೂಜಿ ಕಂಡರೆ ತಲೆಸುತ್ತಿ ಬೀಳುವುದು ಜಾಸ್ತಿ. ಅದಕ್ಕೇ ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ, ಹಾಕಿಸಿದ ಮೇಲೆ ಕಾಲು ಗಂಟೆ ಅಲ್ಲೇ ಕೂರಿಸಿ. ಜೋರಾದ ಅಲರ್ಜಿ ಲಕ್ಷಾಂತರ ಡೋಸ್‌ಗೆ ಒಂದು ಆಗುವಂಥದ್ದು. ಆದರೂ ಆಗಬಹುದು. ಅದಾಗುವುದು ಹೆಚ್ಚಾಗಿ ಮೊದಲ ಕೆಲವು ನಿಮಿಷಗಳಲ್ಲೇ, ಆಸ್ಪತ್ರೆಯಲ್ಲೇ ಇದ್ದರೆ ನಿಭಾಯಿಸಬಹುದು. ಹಿಂದೆ ಯಾವುದಾದರೂ ಲಸಿಕೆಗೆ, ಯೀಸ್ಟ್‌ಗೆ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ. ಮುಟ್ಟಾಗಿದ್ದರೂ ಹಾಕಿಸಬಹುದು, ಅದಕ್ಕೆ ದಿನ ಮುಂದೆ ಹಾಕಬೇಡಿ.

ಅತ್ತೆಯವರ ಮಾತಿಗೆ ಬರುತ್ತೇನೆ. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ, ಮೊಮ್ಮಗಳ ಮರ್ಯಾದೆಯ ಚಿಂತೆ ಅವರಿಗೆ. ಮದುವೆಗೆ ಮುಂಚೆ ಯಾಕೆ ಅಂದರೆ, ಆಗಲೇ ಇದು ಚೆನ್ನಾಗಿ ಕೆಲಸ ಮಾಡುವುದು. ವೈರಸ್ ಮೈಗೆ ಬರುವ ಮುಂಚೆ ದೇಹ ತಯಾರಾಗಿರಬೇಕು. ಮಳೆ ಶುರುವಾಗುವ ಮುಂಚೆ ಹೆಂಚು ಕೈಯಾಡಿಸುವುದಿಲ್ಲವೇ, ಹಾಗೆ. ಅದೂ ಅಲ್ಲದೆ 9ರಿಂದ 14ರ ವಯಸ್ಸಿನಲ್ಲಿ ದೇಹ ಲಸಿಕೆಗೆ ಬಹಳ ಚೆನ್ನಾಗಿ ಸ್ಪಂದಿಸುತ್ತದೆ. ದೊಡ್ಡವರಿಗೆ ಮೂರು ಡೋಸ್‌ನಿಂದ ಸಿಗುವ ಶಕ್ತಿ ಚಿಕ್ಕವರಿಗೆ ಎರಡರಲ್ಲೇ ಸಿಗುತ್ತದೆ. ನಿಮ್ಮ 12 ವರ್ಷದವಳಿಗೆ ಇದು ಹೇಳಿಮಾಡಿಸಿದ ವಯಸ್ಸು. ಅವಳಿಗೆ ಎಲ್ಲ ವಿವರ ಹೇಳಬೇಕಾಗಿಲ್ಲ. 'ದೊಡ್ಡಮ್ಮನಿಗೆ ಬಂದ ಕ್ಯಾನ್ಸರ್ ನಿನಗೆ ಬರದಿರಲಿ ಅಂತ ಈ ಇಂಜೆಕ್ಷನ್' ಅಂದರೆ ಸಾಕು, ಅರ್ಥಮಾಡಿಕೊಳ್ಳುತ್ತಾಳೆ.

ದೊಡ್ಡವಳಿಗೆ ಮದುವೆಗೆ ಇನ್ನೂ ಒಂದು ವರ್ಷ ಇದೆ, ಅಲ್ವಾ? ಈಗಲೇ ಶುರುಮಾಡಿದರೆ ಮೂರೂ ಡೋಸ್ ಮುಗಿಯುತ್ತದೆ. ಮದುವೆ ಬೇಗ ಬಂದು, ಮಧ್ಯೆ ಬಸಿರಾದರೆ ಗಾಬರಿ ಬೇಡ. ಕೊಟ್ಟ ಡೋಸ್‌ನಿಂದ ಮಗುವಿಗೆ ತೊಂದರೆ ಆಗಿದ್ದು ಕಂಡುಬಂದಿಲ್ಲ. ಉಳಿದದ್ದನ್ನು ಹೆರಿಗೆಯಾದ ಮೇಲೆ ಹಾಕಿಸಿದರಾಯಿತು, ಹಾಲುಣಿಸುವಾಗಲೂ ಹಾಕಿಸಬಹುದು. ಒಂದು ಮಾತು ಅವಳಿಗೂ ಹೇಳಿಡಿ. ಲಸಿಕೆ ಎಲ್ಲ ತಳಿಗಳನ್ನೂ ತಡೆಯುವುದಿಲ್ಲ, ಹಾಗಾಗಿ 30 ದಾಟಿದ ಮೇಲೆ ಪರೀಕ್ಷೆ ಅವಳಿಗೂ ಬೇಕು.

ಪರೀಕ್ಷೆ ಅಂದೆನಲ್ಲ, ಮತ್ತೆ ನಿಮ್ಮ ಹತ್ತಿರ ಬರುತ್ತೇನೆ. 41ಕ್ಕೆ ಲಸಿಕೆಯಿಂದ ನಿಮಗೆ ಸಿಗುವ ಲಾಭ ಕಡಿಮೆ. ಕೆಲವು ದೇಶಗಳಲ್ಲಿ 45ರವರೆಗೂ ಕೊಡುತ್ತಾರೆ, ಹಾಕಿಸಿಕೊಂಡರೆ ಕೆಡುಕೇನಿಲ್ಲ. ಆದರೆ ನಿಮ್ಮ ಮನೆಯ ದುಡ್ಡು ಮಕ್ಕಳ ಡೋಸ್‌ಗೆ ಇರಲಿ. ನಿಮಗೆ ಬೇಕಾದ್ದು ತಪಾಸಣೆ. ನಮ್ಮ ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. ನನಗೆ ಅತಿ ಹೆಚ್ಚು ಸಂಕಟ ಕೊಡುವ ಅಂಕಿ.

ಯಾಕೆಂದರೆ ಈ ತಪಾಸಣೆ ಅಷ್ಟು ಸುಲಭ. ಅತಿ ಸರಳವಾದದ್ದು ವಿಐಎ. ಅಡುಗೆಮನೆಯ ವಿನೆಗರ್‌ನಂಥದ್ದೇ ತೆಳು ಆಮ್ಲವನ್ನು ಹತ್ತಿಯಲ್ಲಿ ಅದ್ದಿ ಗರ್ಭಕೊರಳಿಗೆ ಸವರುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿರುವ ಜಾಗ ಬಿಳಿಚಿಕೊಳ್ಳುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ 30 ದಾಟಿದವರಿಗೆ ಇದನ್ನು ಉಚಿತವಾಗಿ ಮಾಡುತ್ತಾರೆ. ಗರ್ಭಕೊರಳಿನ ಒಂದಿಷ್ಟು ಜೀವಕೋಶ ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಸ್ಮಿಯರ್ ಇನ್ನೊಂದು, ಆ ವೈರಸ್ ಇದೆಯೇ ಎಂದು ನೋಡುವ ಎಚ್‌ಪಿವಿ ಪರೀಕ್ಷೆ ಮತ್ತೊಂದು. ಮೂರರಲ್ಲಿ ಎಚ್‌ಪಿವಿ ಪರೀಕ್ಷೆಯೇ ಹೆಚ್ಚು ನಂಬಬಹುದಾದದ್ದು. ಒಮ್ಮೆ ಇಲ್ಲ ಎಂದು ಬಂದರೆ ಐದು ವರ್ಷ ನೆಮ್ಮದಿಯಾಗಿರಬಹುದು. ನಮ್ಮ ಬೀದರ್ ಪಕ್ಕದ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಇದನ್ನು ನೋಡಿದರು. ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ, ಎಂಟು ವರ್ಷದಲ್ಲಿ ಈ ಕ್ಯಾನ್ಸರ್‌ನ ಸಾವು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಅವರೆಲ್ಲ ಹೊಲದಲ್ಲಿ ದುಡಿಯುವ, ನಿಮ್ಮಂಥ ಹೆಣ್ಣುಮಕ್ಕಳು.

ಆದರೆ ಒಂದು ವಿಷಯ ತಿಳಿದಿರಿ. ಈ ತಪಾಸಣೆಗಳು ಯಾವ ತೊಂದರೆಯೂ ಇಲ್ಲದವರಿಗೆ. ನಿಮಗೆ ಆಗಲೇ ರಕ್ತ ಕಾಣುತ್ತಿದೆ. ಹಾಗಾಗಿ ಕ್ಯಾಂಪ್‌ನಲ್ಲಿ ವಿಐಎ ಮಾಡಿಸಿ 'ಏನಿಲ್ಲ' ಅಂದರು ಎಂದು ಮನೆಗೆ ಬರಬೇಡಿ. ಸ್ತ್ರೀರೋಗ ವೈದ್ಯರೇ ಒಳಗೆ ನೋಡಬೇಕು. ಅವರಿಗೆ ಮೂರು ಮಾತು ಹೇಳಿ. ಸೇರಿದ ಮೇಲೆ ರಕ್ತ ಬರುತ್ತೆ, ಐದಾರು ತಿಂಗಳಾಯಿತು, ಇದುವರೆಗೂ ಒಮ್ಮೆಯೂ ತಪಾಸಣೆ ಮಾಡಿಸಿಲ್ಲ. ಕೊನೆಯದು ನನ್ನ ಊಹೆ, ನೀವು ಹಿಂದೆ ಮಾಡಿಸಿದ್ದರೆ ಆ ರಿಪೋರ್ಟ್ ಒಯ್ಯಿರಿ. ಬರೀ ಕೆಟ್ಟ ಜೀವಕೋಶಗಳು ಸಿಕ್ಕರೆ ಅವನ್ನಷ್ಟೇ ಸುಟ್ಟು ಅಥವಾ ಕತ್ತರಿಸಿ ತೆಗೆಯುತ್ತಾರೆ, ಸಂಜೆಗೆ ಮನೆಗೆ ಬರಬಹುದು, ಗರ್ಭಕೋಶ ಹಾಗೇ ಇರುತ್ತದೆ. ಕ್ಯಾನ್ಸರೇ ಎಂದಾದರೂ ಮೊದಲ ಹಂತದಲ್ಲಿ ಸಿಕ್ಕಿದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಉಳಿಯುತ್ತಾರೆ. ನಿಮ್ಮ ರೇಷನ್ ಕಾರ್ಡು, ಆಧಾರ್ ಜೊತೆಗಿಟ್ಟುಕೊಳ್ಳಿ. ಮುಂದೆ ಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಅವು ಬೇಕಾಗುತ್ತವೆ.

ಒಬ್ಬರೇ ಹೋಗಬೇಡಿ. ದೊಡ್ಡ ಮಗಳನ್ನು ಕರೆದುಕೊಂಡು ಹೋಗಿ. ಅವಳ ಮೊದಲ ಡೋಸ್‌ನ ಮಾತೂ ಅದೇ ದಿನ ಆಗುತ್ತದೆ, ನಿಮಗೂ ಪಕ್ಕದಲ್ಲಿ ಒಬ್ಬರು ಇದ್ದ ಹಾಗಾಗುತ್ತದೆ. ಬಯಾಪ್ಸಿ ತೆಗೆದರೆ ವರದಿಗೆ ಒಂದು ವಾರ, ಹತ್ತು ದಿನ ಹಿಡಿಯಬಹುದು. ಬಂದ ಮೇಲೆ ನನಗೆ ಒಂದು ಸಾಲು ಬರೆಯಿರಿ. ಏನೇ ಬಂದಿರಲಿ, ಬರೆಯಿರಿ. ಕಾಯುತ್ತಿರುತ್ತೇನೆ.